'ವಯಸ್ಸಾಯ್ತಲ್ಲ' ಅನ್ನುವ ಮುನ್ನ

ಹಳ್ಳಿಯ ಆರೋಗ್ಯ ಕೇಂದ್ರದ ಚೀಟಿಯಲ್ಲಿ ವಯಸ್ಸಾದವರ ದುಃಖ ದುಃಖವಾಗಿ ದಾಖಲಾಗುವುದು ಅಪರೂಪ. ಮಂಡಿನೋವು, ಗ್ಯಾಸ್ಟ್ರಿಕ್, ತಲೆಸುತ್ತು, ನಿಶ್ಶಕ್ತಿ, ನಿದ್ದೆಯಿಲ್ಲ ಎಂದೇ ಅದು ದಾಖಲಾಗುತ್ತದೆ. ಹಿರಿಯೂರು ತಾಲ್ಲೂಕಿನ ಧರ್ಮಪುರ, ಐಮಂಗಲ, ಜವನಗೊಂಡನಹಳ್ಳಿ ಹೋಬಳಿಗಳ ಯಾವ ಊರಿನ ಅಜ್ಜಿಯೂ ವೈದ್ಯರ ಮುಂದೆ ಕೂತು 'ಮನಸ್ಸಿಗೆ ಬೇಸರವಾಗಿದೆ' ಎಂದು ಮಾತು ಶುರು ಮಾಡುವುದಿಲ್ಲ. 'ಎದೆಯೊಳಗೆ ಏನೋ ಉರಿದಂಗಾಗ್ತೈತೆ ಕಣಪ್ಪ, ಉಂಡಿದ್ದು ಮೈಗೆ ಹತ್ತಲ್ಲ, ರಾತ್ರಿಯೆಲ್ಲ ರೆಪ್ಪೆಗೆ ರೆಪ್ಪೆ ಅಂಟಲ್ಲ' ಅನ್ನುತ್ತಾರೆ. ಗ್ಯಾಸಿನ ಮಾತ್ರೆ, ನೋವಿನ ಮಾತ್ರೆ, ಜೊತೆಗೊಂದು ಶಕ್ತಿಯ ಇಂಜೆಕ್ಷನ್ ಸಿಗುತ್ತದೆ. ಹದಿನೈದು ದಿನಕ್ಕೆ ಮತ್ತೆ ಬರುತ್ತಾರೆ. ಈ ಸಲ ಮಾತ್ರೆಯ ಜೊತೆ ಒಂದು ಮಾತೂ ಸಿಗುತ್ತದೆ: 'ವಯಸ್ಸಾಯ್ತಲ್ಲಜ್ಜಿ, ಇನ್ನೇನು ಮಾಡೋದು?'

ಈ ಮಾತನ್ನು ವೈದ್ಯರು ಮಾತ್ರ ಆಡುವುದಿಲ್ಲ. ಮಗ ಆಡುತ್ತಾನೆ, ಸೊಸೆ ಆಡುತ್ತಾಳೆ, ಪಕ್ಕದ ಮನೆಯವರು ಆಡುತ್ತಾರೆ. ಕೊನೆಗೆ ಆ ಅಜ್ಜಿಯೇ ತನ್ನ ಬಗ್ಗೆ ಹಾಗೆ ಹೇಳಿಕೊಳ್ಳಲು ಶುರು ಮಾಡುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರುವುದಿಲ್ಲ. ಆದರೆ ಆ ಮಾತು ಬಿದ್ದ ಕೂಡಲೇ ವಿಚಾರಣೆ ಮುಗಿಯುತ್ತದೆ. ಗುಣವಾಗಬಹುದಾದ ಕಾಯಿಲೆಯೊಂದು ವಯಸ್ಸಿನ ಲೆಕ್ಕಕ್ಕೆ ಜಮೆಯಾಗಿ, ಮನೆಯ ಮೂಲೆಯ ಚಾಪೆಯ ಮೇಲೆ ವರ್ಷಗಟ್ಟಲೆ ಮಲಗಿಬಿಡುತ್ತದೆ.

2017–18ರಲ್ಲಿ ದೇಶದಾದ್ಯಂತ ಹಿರಿಯರ ಆರೋಗ್ಯದ ಬಗ್ಗೆ ನಡೆದ 'ಲಾಸಿ' ಸಮೀಕ್ಷೆ ಇದನ್ನು ಅಂಕಿಗಳಲ್ಲಿ ತೋರಿಸಿತು. ಅರವತ್ತು ದಾಟಿದವರಲ್ಲಿ ಶೇ 8.3ರಷ್ಟು ಜನರಿಗೆ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. 'ನಿಮಗೆ ಖಿನ್ನತೆ ಇದೆ' ಎಂದು ಯಾರಾದರೂ ವೈದ್ಯರು ಹೇಳಿದ್ದು ಶೇ 1ಕ್ಕಿಂತ ಕಡಿಮೆ ಜನರಿಗೆ. ಹತ್ತರಲ್ಲಿ ಒಂಬತ್ತು ಮಂದಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವರನ್ನು ಕಣ್ಣಿಗೆ ಬೀಳಿಸುವುದು ಹೇಗೆ ಎಂಬ ಪ್ರಶ್ನೆಗೂ ಹಿರಿಯೂರಿನ ರಸ್ತೆಗೂ ಒಂದು ನಂಟಿದೆ. ಇಲ್ಲಿಂದ ಚಳ್ಳಕೆರೆ ದಾಟಿ ಉತ್ತರಕ್ಕೆ ಹೋಗುವ ಹೆದ್ದಾರಿ ಬಳ್ಳಾರಿ ಸೇರುತ್ತದೆ. ಮನೋರೋಗದ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯ ಗೋಡೆಯಿಂದ ಹೊರಗೆ ತಂದು ಒಂದಿಡೀ ಜಿಲ್ಲೆಗೆ ಹರಡಬಹುದೇ ಎಂಬ ಪ್ರಯೋಗ ದೇಶದಲ್ಲಿ ಮೊದಲು ನಡೆದದ್ದು ಆ ಜಿಲ್ಲೆಯಲ್ಲಿ, 1985ರಲ್ಲಿ. ಅದಕ್ಕೂ ಹತ್ತು ವರ್ಷ ಹಿಂದೆ ನಿಮ್ಹಾನ್ಸ್ ಸಂಸ್ಥೆ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನೋಡಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರೇ ಕಾಯಿಲೆ ಗುರುತಿಸಿ, ಸರಳ ಚಿಕಿತ್ಸೆ ಕೊಟ್ಟು, ಮನೆಗೆ ಹೋಗಿ ವಿಚಾರಿಸಿಕೊಳ್ಳಬಲ್ಲರು ಎಂಬುದನ್ನು ಬಳ್ಳಾರಿ ತೋರಿಸಿಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಬಳ್ಳಾರಿಯನ್ನೇ. ಬಿಸಿಲು ನಾಡಿನ ಈ ಕೊಡುಗೆ ನಮ್ಮ ಶಾಲೆಯ ಪಾಠದಲ್ಲಿ ಇರಬೇಕಿತ್ತು.

ಈಗ ಕಾರ್ಯಕ್ರಮ ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಇದೆ. 'ಮನೋಚೈತನ್ಯ' ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡನ್ನು ಕರ್ನಾಟಕ ಮಾಡಿಕೊಂಡಿದೆ. ಮಾತ್ರೆ ಉಚಿತ. ಇದು ಸಣ್ಣ ಸಾಧನೆಯಲ್ಲ. ಆದರೆ ಇಂಥ ದಿನ ಸಾಲಿನಲ್ಲಿ ನಿಂತವರನ್ನು ಗಮನಿಸಿದರೆ ಒಂದು ಸಂಗತಿ ಅರ್ಥವಾಗುತ್ತದೆ. ಮೂರ್ಛೆ ಬರುವ ಹುಡುಗನನ್ನು ತಾಯಿ ಕರೆತಂದಿರುತ್ತಾಳೆ. ಒಬ್ಬನೇ ಮಾತಾಡಿಕೊಳ್ಳುವ, ರಾತ್ರಿ ಎದ್ದು ಹೋಗುವ ತರುಣನನ್ನು ಅಣ್ಣತಮ್ಮಂದಿರು ಕರೆತಂದಿರುತ್ತಾರೆ. ಮನೆಯವರಿಗೆ ಯಾರಿಂದ ತೊಂದರೆಯೋ ಅವರು ಆಸ್ಪತ್ರೆಗೆ ಬರುತ್ತಾರೆ. ಮೂಲೆಯಲ್ಲಿ ಸುಮ್ಮನೆ ಕೂತ ಅಜ್ಜನಿಂದ ಯಾರಿಗೂ ತೊಂದರೆಯಿಲ್ಲ. ಕೊಟ್ಟಾಗ ಒಂದಿಷ್ಟು ಉಣ್ಣುತ್ತಾನೆ, ಕೇಳಿದರೆ ಉತ್ತರ ಕೊಡುತ್ತಾನೆ, ಇಲ್ಲದಿದ್ದರೆ ಗೋಡೆ ನೋಡುತ್ತಾನೆ. ಅವನನ್ನು ಒಂದು ದಿನದ ಕೂಲಿ ಬಿಟ್ಟು ಯಾರು ಕರೆತರಬೇಕು? 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಎಷ್ಟೋ ಅಜ್ಜಿಯರು ಧೈರ್ಯವಾಗಿ ಊರು ಬಿಟ್ಟು ಓಡಾಡುತ್ತಿದ್ದಾರೆ, ಅದು ಕೂಡ ಮನಸ್ಸಿನ ಆರೋಗ್ಯವೇ. ಆದರೆ ಖಾಸಗಿ ಬಸ್ಸು ಮಾತ್ರ ಬರುವ ದಾರಿಗಳಲ್ಲಿ ಆ ಅನುಕೂಲವೂ ಇಲ್ಲ. ಹಾಗಾಗಿ ಹಿರಿಯರ ಮನಸ್ಸಿನ ಕಾಯಿಲೆ ಆಸ್ಪತ್ರೆಗೆ ಬರುವುದನ್ನು ಕಾಯುತ್ತ ಕೂತರೆ ಆಗದು. ಅದರ ಬಳಿಗೆ ಯಾರಾದರೂ ಹೋಗಬೇಕು.

ಹೋಗುವವರು ಯಾರು? ಇಂಗ್ಲೆಂಡಿನ ಆರೋಗ್ಯ ಸೇವೆಯಲ್ಲಿ 'ಮೆಂಟಲ್ ಹೆಲ್ತ್ ಅಂಡ್ ವೆಲ್‌ಬೀಯಿಂಗ್ ಪ್ರಾಕ್ಟಿಷನರ್' ಎಂಬ ಹುದ್ದೆಯನ್ನೇ ಕೆಲವು ವರ್ಷಗಳಿಂದ ಮಾಡಿದ್ದಾರೆ. ವೈದ್ಯರಲ್ಲ, ನರ್ಸ್ ಅಲ್ಲ, ಈ ಕೆಲಸಕ್ಕೆಂದೇ ತರಬೇತಾದವರು. ನಮ್ಮಲ್ಲಿ ಆ ಕೆಲಸ ಹಲವರ ಕೈಯಲ್ಲಿ ಚೂರುಚೂರಾಗಿ ಹಂಚಿಹೋಗಿದೆ. ಆಶಾ ಕಾರ್ಯಕರ್ತೆ ಸ್ವಲ್ಪ, ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಸ್ವಲ್ಪ, ಜಿಲ್ಲಾ ತಂಡದ ಮನೋಸಾಮಾಜಿಕ ಕಾರ್ಯಕರ್ತರು ಸ್ವಲ್ಪ, ಅಲ್ಲಲ್ಲಿ ಸ್ವಯಂಸೇವಾ ಸಂಸ್ಥೆಯವರು ಸ್ವಲ್ಪ ಮಾಡುತ್ತಾರೆ. ಹಿರಿಯರಿಗೆಂದೇ ಸಮುದಾಯದೊಳಗೆ ಕೆಲಸ ಮಾಡುವ ಪ್ರಯತ್ನವನ್ನು ನಿಮ್ಹಾನ್ಸ್ 'ವಯೋಮಾನಸ ಸಂಜೀವಿನಿ' ಎಂಬ ಹೆಸರಿನಲ್ಲಿ ಬೆಂಗಳೂರಿನಲ್ಲಿ ನಡೆಸಿದೆ. ಹೆಸರು ಏನೇ ಇರಲಿ, ಮನೆಯೊಳಗೆ ಕಾಲಿಟ್ಟ ಮೇಲೆ ಮಾಡಬೇಕಾದ ಕೆಲಸ ಒಂದೇ. ಈ ಬರಹದಲ್ಲಿ ಅವರನ್ನು ಕಾರ್ಯಕರ್ತೆ ಎನ್ನುತ್ತೇನೆ, ಹೆಚ್ಚಿನವರು ಹೆಣ್ಣುಮಕ್ಕಳೇ.

ಮೊದಲು ಬಿಡಿಸಿ ನೋಡಬೇಕಾದ ಗಂಟೊಂದಿದೆ. ಮನೆಯವರು 'ಅರಳು ಮರಳು' ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದರೊಳಗೆ ಕನಿಷ್ಠ ಮೂರು ಬೇರೆಬೇರೆ ಕಾಯಿಲೆಗಳು ಅಡಗಿರುತ್ತವೆ. ಅಜ್ಜ ನಿನ್ನೆ ಮೊನ್ನೆಯವರೆಗೂ ಸರಿಯಿದ್ದು, ಇದ್ದಕ್ಕಿದ್ದಂತೆ ಹಗಲು ರಾತ್ರಿ ಗೊತ್ತಾಗದೆ ಏನೇನೋ ಬಡಬಡಿಸುತ್ತಿದ್ದರೆ, ಸತ್ತವರು ಬಂದು ಕರೆಯುತ್ತಿದ್ದಾರೆ ಅನ್ನುತ್ತಿದ್ದರೆ ಅದು ಮುಪ್ಪಿನ ಮರೆವಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದು ಡೆಲಿರಿಯಂ. ಮೂತ್ರದ ಸೋಂಕು, ನ್ಯುಮೋನಿಯಾ, ದೇಹದಲ್ಲಿ ಸೋಡಿಯಂ ಕುಸಿತ, ಒಂದು ಮಾತ್ರೆಗೆ ಇನ್ನೊಂದು ಮಾತ್ರೆ ಸೇರಿದ್ದು, ಬೇಸಿಗೆಯಲ್ಲಿ ನೀರು ಕುಡಿಯದೆ ಒಣಗಿದ್ದು, ಹೀಗೆ ಮೈಯ ಕಾಯಿಲೆಯೇ ತಲೆಗೇರಿರುತ್ತದೆ. ಅಂದೇ ಆಸ್ಪತ್ರೆಗೆ ಒಯ್ಯಬೇಕು. ದೇವರಿಗೆ ಮುಡುಪು ಕಟ್ಟುವುದಿದ್ದರೆ ಕಟ್ಟಲಿ, ಆದರೆ ಆಂಬುಲೆನ್ಸಿಗೆ ಫೋನ್ ಮಾಡಿದ ಮೇಲೆ.

ಇನ್ನೊಂದು ನಿಜವಾದ ಮರೆವು, ಡಿಮೆನ್ಷಿಯಾ. ಅದು ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಬೇರೆ, ನಲವತ್ತು ವರ್ಷ ಮಾಡಿದ ಸಾರಿಗೆ ಏನು ಹಾಕಬೇಕೆಂಬುದೇ ತೋಚದಿರುವುದು ಬೇರೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು ಜನ, ಅಂದರೆ ಸುಮಾರು 88 ಲಕ್ಷ ಮಂದಿ ಇದರೊಂದಿಗೆ ಬದುಕುತ್ತಿದ್ದಾರೆ. ನಗರಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಗುಣಪಡಿಸುವ ಮಾತ್ರೆ ಇಲ್ಲ, ಆದರೆ ನೋಡಿಕೊಳ್ಳುವ ರೀತಿಯಿಂದ ಅವರ ದಿನಗಳು ನೆಮ್ಮದಿಯಾಗಬಲ್ಲವು.

ಮೂರನೆಯದು ಖಿನ್ನತೆ. ಇದು ಮರೆವಿನ ವೇಷ ಹಾಕಿಕೊಂಡೂ ಬರುತ್ತದೆ. 'ಏನು ಕೇಳಿದ್ರೂ ಗೊತ್ತಿಲ್ಲ ಗೊತ್ತಿಲ್ಲ ಅಂತಾರೆ' ಎಂದು ಮಗಳು ಹೇಳಿದರೆ ಕಾರ್ಯಕರ್ತೆ ಕಿವಿ ನೆಟ್ಟಗೆ ಮಾಡಿಕೊಳ್ಳಬೇಕು. ಮರೆವಿನ ಕಾಯಿಲೆ ಇರುವವರು ಸಾಮಾನ್ಯವಾಗಿ ತಪ್ಪು ಉತ್ತರವನ್ನಾದರೂ ಕೊಟ್ಟು ಮುಚ್ಚಿಕೊಳ್ಳಲು ನೋಡುತ್ತಾರೆ. ಖಿನ್ನತೆಯಲ್ಲಿರುವವರಿಗೆ ಉತ್ತರ ಹುಡುಕುವಷ್ಟು ಉತ್ಸಾಹವೇ ಇರುವುದಿಲ್ಲ. ಥೈರಾಯ್ಡ್ ಕಡಿಮೆಯಾಗಿದ್ದರೂ, ಬಿ12 ಕೊರತೆಯಿದ್ದರೂ ಇದೇ ಚಿತ್ರ ಕಾಣುತ್ತದೆ. ಹಾಗಾಗಿ ಒಂದು ರಕ್ತಪರೀಕ್ಷೆ ಎಷ್ಟೋ ತಿಂಗಳ ಸಂಕಟ ತಪ್ಪಿಸಬಹುದು. ಕಿವಿಯನ್ನಂತೂ ಮರೆಯಲೇಬಾರದು. ಕೇಳಿಸದ ಮನುಷ್ಯ ಮಾತಿನಿಂದ ಹಿಂದೆ ಸರಿಯುತ್ತಾನೆ, ಮನೆಯವರು ಅವನನ್ನು ಮಂಕಾದ ಎನ್ನುತ್ತಾರೆ. ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ತಡೆಯಬಹುದಾದ 14 ಕಾರಣಗಳಲ್ಲಿ ಶ್ರವಣದೋಷವೂ ದೃಷ್ಟಿದೋಷವೂ ಸೇರಿವೆ. ಬಡ ಹಿರಿಯರಿಗೆ ಕನ್ನಡಕ, ಶ್ರವಣಯಂತ್ರ, ಊರುಗೋಲು ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದಲೇ ಇದೆ. ಅರ್ಜಿ ತುಂಬಿಸುವವರು ಬೇಕು, ಅಷ್ಟೆ.

ಮರೆವನ್ನು ಅಳೆಯುವ ಪರೀಕ್ಷೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಶ್ನಾವಳಿಯೊಂದು 1975ರಲ್ಲಿ ಅಮೆರಿಕದಲ್ಲಿ ತಯಾರಾಯಿತು. ಅದರಲ್ಲಿ ಇವತ್ತಿನ ತಾರೀಖು ಹೇಳಬೇಕು, ಒಂದು ವಾಕ್ಯ ಬರೆಯಬೇಕು, ಎರಡು ಪಂಚಭುಜಗಳನ್ನು ನೋಡಿ ಬಿಡಿಸಬೇಕು. ನಮ್ಮ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲಿ ಬಾಳಿದ ಸಿರಿಯಜ್ಜಿಯವರನ್ನು ನೆನೆಯಿರಿ. ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಬರೆದುಕೊಂಡು ಪುಸ್ತಕ ಮಾಡಿದರು. ಅವರ ಕೈಗೆ ಪೆನ್ಸಿಲ್ ಕೊಟ್ಟು ಪಂಚಭುಜ ಬಿಡಿಸಿ ಎಂದಿದ್ದರೆ ಏನಾಗುತ್ತಿತ್ತು? ಅಸಾಧಾರಣ ನೆನಪಿನ ಒಬ್ಬ ಹೆಂಗಸು ಕಾಗದದ ಮೇಲೆ ಮರೆವಿನ ರೋಗಿಯಾಗುತ್ತಿದ್ದರು. ಇದನ್ನು ಅರಿತೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಆ ಪರೀಕ್ಷೆಯನ್ನು ಓದುಬರಹ ಬಾರದವರಿಗೆ ಹೊಂದುವಂತೆ ಬದಲಿಸಿದರು. ಇದು ಬೆಳಗ್ಗೆಯೋ ಸಂಜೆಯೋ ಎಂದು ಕೇಳಿದರು, ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ನಮ್ಮ ರಾಜ್ಯದಲ್ಲೇ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ವರ್ಷ ವರ್ಷವೂ ಪರೀಕ್ಷಿಸುತ್ತ, ಹಳ್ಳಿಯ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಹಿರಿಯೂರಿನ ಹಟ್ಟಿಗೆ ಹೋಗುವ ಕಾರ್ಯಕರ್ತೆಗೆ ನೆನಪಿರಬೇಕಾದದ್ದಿಷ್ಟು: ಎದುರಿಗಿರುವವರು ಜೀವನವಿಡೀ ಏನನ್ನು ನೆನಪಿಟ್ಟುಕೊಂಡು ಬದುಕಿದರೋ ಅದರಲ್ಲೇ ಅವರ ನೆನಪನ್ನು ತೂಗಬೇಕು. ಯಾವ ಕುರಿ ಯಾವ ಕುರಿಯ ಮರಿ, ಯಾವ ಹೊಲದ ಬದು ಯಾರದ್ದು, ಯಾವ ದೇವರ ಹಬ್ಬ ಯಾವ ತಿಂಗಳು.

ಕಾಯಿಲೆ ಯಾವುದೆಂದು ಗೊತ್ತಾಗಬೇಕಾದರೆ ಮಾತಾಡಬೇಕು, ಮಾತಾಡಲು ಏಕಾಂತ ಬೇಕು. ಹಳ್ಳಿಯ ಮನೆಯಲ್ಲಿ ಏಕಾಂತ ಎಲ್ಲಿದೆ? ಕಾರ್ಯಕರ್ತೆ ಬಂದ ಕೂಡಲೇ ಕಾಫಿ ಬರುತ್ತದೆ, ಸೊಸೆ ಬಾಗಿಲಲ್ಲಿ ನಿಲ್ಲುತ್ತಾಳೆ, ಪಕ್ಕದ ಮನೆಯ ಇಬ್ಬರು ಬಂದು ಕೂರುತ್ತಾರೆ. ಅಜ್ಜಿಗೆ ಕೇಳಿದ ಪ್ರಶ್ನೆಗೆಲ್ಲ ಉಳಿದವರೇ ಉತ್ತರ ಕೊಡುತ್ತಾರೆ. ಅನುಭವಸ್ಥರು ಇಂಥಲ್ಲಿ ಪುಸ್ತಕ ಬಿಚ್ಚುವುದಿಲ್ಲ. ಬಿ.ಪಿ. ನೋಡುತ್ತಾರೆ, ಕಾಲು ಊದಿದೆಯೇ ಎಂದು ಒತ್ತಿ ನೋಡುತ್ತಾರೆ. 'ಬಾರಜ್ಜಿ, ನಿಮ್ಮ ಹಿತ್ತಲ ಕರಿಬೇವು ತೋರ್ಸು' ಎಂದು ಎಬ್ಬಿಸಿಕೊಂಡು ಹೋಗುತ್ತಾರೆ. ಹಿತ್ತಲಲ್ಲಿ, ಹಸುವಿನ ಪಕ್ಕದಲ್ಲಿ, ಅಜ್ಜಿ ಮೆಲ್ಲಗೆ ಬಾಯಿಬಿಡುತ್ತಾರೆ. 'ನಾನು ಇದ್ದೇನು ಮಾಡ್ಲಿ ಹೇಳವ್ವ, ದೇವರು ಬೇಗ ಕರ್ಕೊಂಡ್ರೆ ಸಾಕು.'

ಈ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದೇ ಈ ಕೆಲಸದ ಅತ್ಯಂತ ಸೂಕ್ಷ್ಮ ಭಾಗ. ನಮ್ಮ ಹಿರಿಯರು ಸಾವಿನ ಬಗ್ಗೆ ಸಲೀಸಾಗಿ ಮಾತಾಡುತ್ತಾರೆ. ಎಷ್ಟೋ ಸಲ ಅದು ಸಂಕಟದ ಮಾತಲ್ಲ, ಆಯುಷ್ಯ ತುಂಬಿದವರ ಸಮಾಧಾನದ ಮಾತು. ಆದರೆ ಎಲ್ಲ ಸಲವೂ ಹಾಗಲ್ಲ. ಊಟ ಬಿಟ್ಟಿದ್ದರೆ, ಯಾರೊಂದಿಗೂ ಬೆರೆಯದಿದ್ದರೆ, ಕಿವಿಯೋಲೆಯನ್ನೋ ಕೂಡಿಟ್ಟ ದುಡ್ಡನ್ನೋ ಇದ್ದಕ್ಕಿದ್ದಂತೆ ಹಂಚತೊಡಗಿದ್ದರೆ, 'ನಾನು ಎಲ್ಲರಿಗೂ ಭಾರ' ಎಂದು ಮತ್ತೆ ಮತ್ತೆ ಅನ್ನುತ್ತಿದ್ದರೆ ನೇರವಾಗಿ ಕೇಳಬೇಕು: 'ಅವ್ವ, ಜೀವ ಕಳ್ಕೋಬೇಕು ಅಂತ ಯಾವತ್ತಾದ್ರೂ ಅನ್ನಿಸೈತಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಬೇಡ, ಅದಕ್ಕೆ ಆಧಾರವಿಲ್ಲ. ಕೇಳಿದವರ ಮುಂದೆ ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದು ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲೊಬ್ಬರಿಗೆ ತಿಳಿಸಬೇಕು, ಹೊಲದ ಔಷಧಿ ಮನೆಯಲ್ಲಿದ್ದರೆ ಬೀಗದೊಳಗೆ ಸೇರಬೇಕು, ವೈದ್ಯರ ಭೇಟಿ ಮುಂದಿನ ಮಂಗಳವಾರಕ್ಕೆ ಹೋಗಬಾರದು. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಅಪರಾಧಿಯಂತೆ ನೋಡದೆ, ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ಮುಚ್ಚಿಡುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾದವರೂ ಕಾರ್ಯಕರ್ತೆಯೇ.

ಇನ್ನು ಚಿಕಿತ್ಸೆ. ತೀವ್ರವಾದ ಖಿನ್ನತೆಗೆ ಮಾತ್ರೆ ಬೇಕು, ಅದರಲ್ಲಿ ನಾಚಿಕೆ ಏನಿಲ್ಲ. ಕೆಲವು ವಾರ ತಾಳ್ಮೆಯಿಂದ ನುಂಗಬೇಕು, ಹುಷಾರಾಯಿತೆಂದು ಥಟ್ಟನೆ ನಿಲ್ಲಿಸಬಾರದು. ಆದರೆ ಸೌಮ್ಯವಾದ ಖಿನ್ನತೆಯಲ್ಲಿ ಮಾತಿನಿಂದ, ದಿನಚರಿಯ ಸಣ್ಣ ಬದಲಾವಣೆಯಿಂದ ಆಗುವ ಕೆಲಸ ದೊಡ್ಡದು. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣ ಎಂದು ಕಾಯುತ್ತೇವಲ್ಲ, ಖಿನ್ನತೆಯಲ್ಲಿ ಅದು ತಿರುವುಮುರುವು. ಕೈ ಮೊದಲು ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಬಿಹೇವಿಯರಲ್ ಆಕ್ಟಿವೇಷನ್ ಎಂಬ ಹೆಸರಿದೆ. ನಗರದ ಪುಸ್ತಕಗಳು ವಾಕಿಂಗ್ ಹೋಗಿ, ಹವ್ಯಾಸ ಬೆಳೆಸಿಕೊಳ್ಳಿ ಎನ್ನುತ್ತವೆ. ಎಪ್ಪತ್ತು ವರ್ಷ ಹೊಲದಲ್ಲಿ ದುಡಿದವರಿಗೆ ಹವ್ಯಾಸ ಎಂದರೆ ಏನು? ಅವರಿಗೆ ಬೇಕಾದದ್ದು ಕೆಲಸ, ಮನೆಗೆ ನಿಜಕ್ಕೂ ಉಪಯೋಗವಾಗುವ ಕೆಲಸ. ಹುಣಸೆಹಣ್ಣಿನ ಕಾಲದಲ್ಲಿ ಬೀಜ ಬಿಡಿಸುವುದು, ಬಿತ್ತನೆಗೆ ಶೇಂಗಾ ಸುಲಿಯುವುದು, ಈರುಳ್ಳಿ ಆರಿಸುವುದು, ಮೊಮ್ಮಗುವನ್ನು ಅಂಗನವಾಡಿಗೆ ಬಿಟ್ಟು ಬರುವುದು. 'ಸುಮ್ನೆ ಕೂತ್ಕೊಳವ್ವ, ನಿನಗ್ಯಾಕೆ' ಎಂದು ಪ್ರೀತಿಯಿಂದಲೇ ಕೈಯಿಂದ ಮೊರ ಕಿತ್ತುಕೊಳ್ಳುವ ಮಕ್ಕಳಿಗೆ, ಹಾಗೆ ಕಿತ್ತುಕೊಂಡದ್ದು ಮೊರವನ್ನಷ್ಟೇ ಅಲ್ಲ ಎಂದು ತಿಳಿಹೇಳುವುದು ಚಿಕಿತ್ಸೆಯ ಅರ್ಧ ಭಾಗ. ಎಲ್ಲರಿಗೂ ಮೊರ ಹಿಡಿಯಲು ಆಗುವುದೂ ಇಲ್ಲ. ಈ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿದು, ಬೆನ್ನು ಬಾಗಿ, ಬಯಲಿಗೆ ಹೋಗುವುದೂ ಯಾತನೆಯಾಗಿರುತ್ತದೆ. ಅಂಥವರ ಬೇಸರಕ್ಕೆ ಮೊದಲ ಔಷಧ ನೋವು ಕಡಿಮೆ ಮಾಡುವುದು, ಮನೆಯ ಹತ್ತಿರ ಹಿಡಿಕೆಯಿರುವ ಶೌಚಾಲಯ.

ನಿದ್ದೆಯ ಲೆಕ್ಕವೂ ಹೀಗೆಯೇ. ಮುದ್ದೆ ಉಂಡು ಎಂಟು ಗಂಟೆಗೆ ಮಲಗಿದವರು ಎರಡಕ್ಕೆ ಎಚ್ಚರಾದರೆ ಆರು ಗಂಟೆ ನಿದ್ದೆ ಆಗಿಹೋಯಿತು. ಉಳಿದ ನಾಲ್ಕು ಗಂಟೆ ಕತ್ತಲಲ್ಲಿ ಹೊರಳಾಡುವುದೇ ಬೇನೆ. ಮಧ್ಯಾಹ್ನದ ನಿದ್ದೆ ಮೊಟಕು ಮಾಡಿ, ಸಂಜೆಯ ಕಾಫಿ ಬಿಟ್ಟು, ಹತ್ತು ಗಂಟೆಗೆ ಚಾಪೆ ಹಾಸಿದರೆ ನಿದ್ದೆ ಮಾತ್ರೆಯೇ ಬೇಡವಾಗಬಹುದು. ಮುಪ್ಪಿನಲ್ಲಿ ಆ ಮಾತ್ರೆ ಬೀಳಿಸುತ್ತದೆ, ಸೊಂಟ ಮುರಿಯುತ್ತದೆ, ಮರೆವು ಹೆಚ್ಚಿಸುತ್ತದೆ.

ಹಿರಿಯೂರಿನ ಹಿರಿಯರ ಮನಸ್ಸನ್ನು ಅರಿಯಲು ಮಾರಿಕಣಿವೆಯ ಕಥೆ ಗೊತ್ತಿರಬೇಕು. 1907ರಲ್ಲಿ ಅಲ್ಲಿ ಪೂರ್ತಿಯಾದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಹಿಂದಿನ ದಶಕದ ಬರಗಾಲದಲ್ಲಿ ಜಲಾಶಯ ಬರಿದಾಗುತ್ತ ಬಂದಾಗ ಅಚ್ಚುಕಟ್ಟಿನ ತೆಂಗು, ಅಡಿಕೆ ತೋಟಗಳು ಒಣಗಿದವು. ಟ್ಯಾಂಕರಿನಲ್ಲಿ ನೀರು ತರಿಸಿ ಹಾಕಿ, ಸಾಲ ಮಾಡಿ, ಕೊನೆಗೂ ಉಳಿಸಿಕೊಳ್ಳಲಾಗದೆ ಸುಳಿ ಬಿದ್ದ ಮರಗಳನ್ನು ಕಡಿಸಿದವರಲ್ಲಿ ಹೆಚ್ಚಿನವರು ಆ ಸಸಿಗಳನ್ನು ತಮ್ಮ ಹರೆಯದಲ್ಲಿ ಕೈಯಾರೆ ನೆಟ್ಟವರು. ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು, ಅಪ್ಪ ಬೋಳು ತೋಟದ ಬದುವಿನಲ್ಲಿ ಉಳಿದ. ಆಮೇಲೆ ಭದ್ರೆಯ ನೀರು ಬಂತು, ಕೆರೆ ತುಂಬಿತು, 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಹರಿಯಿತು. ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡಿದರು. ಆದರೆ ಎಪ್ಪತ್ತೈದು ದಾಟಿದವರಿಗೆ ಹೊಸ ತೆಂಗಿನ ಸಸಿ ನೆಟ್ಟು ಫಲ ಕಾಯುವಷ್ಟು ಕಾಲ ಎಲ್ಲಿದೆ? ನೀರು ಬಂದ ಸಂತೋಷದ ಒಳಗೇ ಈ ನೋವೂ ಇದೆ. ಅದನ್ನು ಬರ ಪರಿಹಾರದ ಯಾವ ಅರ್ಜಿ ನಮೂನೆಯೂ ಕೇಳುವುದಿಲ್ಲ. 'ನಿಮ್ಮ ತೋಟದಲ್ಲಿ ಎಷ್ಟು ಮರ ಇದ್ವು ತಾತ?' ಎಂದು ಕೇಳಿ ಸುಮ್ಮನೆ ಕೂತರೆ ಎರಡು ಗಂಟೆಯ ಮಾತು ಹೊರಬರುತ್ತದೆ. ಬದುಕನ್ನು ಹಿಂದಿರುಗಿ ನೋಡಿ ಹೇಳಿಕೊಳ್ಳುವುದು ಮುಪ್ಪಿನ ಸಹಜ ಅಗತ್ಯ, ಅದು ಅರಳು ಮರಳಲ್ಲ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದರು. ಕೇಳಿದ್ದನ್ನೇ ಮತ್ತೆ ಕೇಳುವ ತಾಳ್ಮೆ ಇರುವವರಿಗೆ ಮಾತ್ರ ಈ ಕೆಲಸ ಒಗ್ಗುತ್ತದೆ.

ದುಃಖದ ಜೊತೆ ಕಾಗದಪತ್ರವೂ ಇದೆ, ಅದನ್ನು ಕೀಳೆಂದು ನೋಡಬಾರದು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಹೊರಗಿನವರಿಗೆ ಸಣ್ಣ ಮೊತ್ತ. ಎಲೆಅಡಿಕೆಗೆ, ಮೊಮ್ಮಗನ ಕೈಗಿಡುವ ಹತ್ತು ರೂಪಾಯಿಗೆ ಯಾರನ್ನೂ ಕೇಳದಿರುವ ಸ್ವಾತಂತ್ರ್ಯ ಆ ದುಡ್ಡಿನಲ್ಲಿದೆ. ದುಡಿದು ಸವೆದ ಬೆರಳಿನ ಅಚ್ಚು ಯಂತ್ರದಲ್ಲಿ ಬೀಳದೆ ಪಿಂಚಣಿ ನಿಂತರೆ, ಪಡಿತರ ಅಂಗಡಿಯಿಂದ ಬರಿಗೈಲಿ ಮರಳಿದರೆ, ಆ ರಾತ್ರಿಯ ನಿದ್ದೆಗೆಡುವಿಕೆಗೆ ಯಾವ ಮಾತ್ರೆ ಕೊಡುವುದು? ನಾಡಕಚೇರಿಗೆ ಜೊತೆಯಲ್ಲಿ ಹೋಗುವುದೇ ಮದ್ದು. ಆಸ್ತಿ ಬರೆಸಿಕೊಂಡು ಊಟ ಹಾಕದ ಮಕ್ಕಳ ವಿಷಯ ಬಂದಾಗ 2007ರ ಪಾಲಕರ ಪೋಷಣೆ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಲ್ಲದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು, ಷರತ್ತು ಮುರಿದರೆ ರದ್ದು ಮಾಡಬಲ್ಲದು. ಹೆಚ್ಚಿನ ತಾಯಂದಿರು ಮಗನ ಮೇಲೆ ದೂರು ಕೊಡಲು ಒಪ್ಪುವುದಿಲ್ಲ. ಆ ನಿರ್ಧಾರ ಅವರದ್ದೇ. ದಾರಿಯೊಂದಿದೆ ಎಂದು ತಿಳಿದಿರುವುದು ಕೂಡ ಬಲವೇ.

ಸೊಸೆಯನ್ನು ಬಿಟ್ಟರೆ ಈ ಮಾತು ಅರ್ಧವಾಗುತ್ತದೆ. ಮರೆವಿನ ಅತ್ತೆ ರಾತ್ರಿ ಮೂರು ಸಲ ಎದ್ದು ಬಾಗಿಲು ತೆಗೆಯುತ್ತಾರೆ, ಉಂಡದ್ದು ಮರೆತು 'ನನಗೆ ಅನ್ನ ಹಾಕಲಿಲ್ಲ' ಎಂದು ಬೀದಿಯಲ್ಲಿ ಹೇಳುತ್ತಾರೆ. ಊರು ನಂಬುತ್ತದೆ. ಹಗಲು ಗಾರ್ಮೆಂಟ್ಸ್‌ಗೋ ಕೂಲಿಗೋ ಹೋಗಿಬರುವ ಸೊಸೆಯ ಮೇಲೆ ಕೆಟ್ಟ ಹೆಸರು ಬೀಳುತ್ತದೆ. ಅತ್ತೆಯ ಸುಳ್ಳಲ್ಲ ಅದು, ಕಾಯಿಲೆಯ ಮಾತು ಎಂದು ಆಕೆಗೆ, ಗಂಡನಿಗೆ, ನೆರೆಹೊರೆಗೆ ವಿವರಿಸುವ ಒಂದು ಭೇಟಿಯಿಂದ ಮನೆಯ ಗಾಳಿಯೇ ಬದಲಾಗುತ್ತದೆ. ವಾರದಲ್ಲಿ ಅರ್ಧ ದಿನ ನಾದಿನಿಯೋ ಮೈದುನನೋ ಬಂದು ಕೂತರೆ ಆಕೆಗೆ ಉಸಿರಾಡಲು ಜಾಗ ಸಿಗುತ್ತದೆ. ಮುಪ್ಪಿನವರ ಆರೈಕೆಯ ಬಗ್ಗೆ ಭಾಷಣ ಮಾಡುವ ಗಂಡಸರು ಆ ಅರ್ಧ ದಿನವನ್ನು ತಾವು ಕೊಡಲಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಇಷ್ಟೆಲ್ಲ ಮಾಡಲು ಎಂ.ಡಿ. ಓದಿದವರೇ ಬೇಕೇ? ಪಕ್ಕದ ಗೋವಾದಲ್ಲಿ ಅರವತ್ತು ದಾಟಿದ, ಖಿನ್ನತೆಯ ಅಂಚಿನಲ್ಲಿದ್ದ 181 ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅರ್ಧ ಜನರ ಮನೆಗೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಹೋದರು. ತೊಡಕುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವುದನ್ನು, ನಿದ್ದೆ ಸರಿಪಡಿಸಿಕೊಳ್ಳುವುದನ್ನು ಕಲಿಸಿದರು. ಸಕ್ಕರೆ ಕಾಯಿಲೆಯಂಥವನ್ನು ನಿಭಾಯಿಸುವುದು, ಸರ್ಕಾರಿ ಸವಲತ್ತು ಪಡೆಯುವುದು ಹೇಗೆಂದು ಹೇಳಿಕೊಟ್ಟರು. ವರ್ಷದ ಕೊನೆಗೆ ಅವರಲ್ಲಿ ತೀವ್ರ ಖಿನ್ನತೆಗೆ ಜಾರಿದವರು ನಾಲ್ಕು ಮಂದಿ, ಕಾರ್ಯಕರ್ತರು ಹೋಗದ ಗುಂಪಿನಲ್ಲಿ ಹದಿಮೂರು ಮಂದಿ. ಆಫ್ರಿಕಾದ ಜಿಂಬಾಬ್ವೆ ಇನ್ನೂ ಮುಂದೆ ಹೋಯಿತು. ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯ ಬಡ ಬಡಾವಣೆಯಲ್ಲಿ ಅಜ್ಜಿಯರಿಗೇ ತರಬೇತಿ ಕೊಟ್ಟು, ಆಸ್ಪತ್ರೆಯ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಮನಸ್ಸು ಸೋತವರು ಬಂದು ಅಜ್ಜಿಯ ಪಕ್ಕ ಕೂತು ಮಾತಾಡಿದರು. ಅದು ಕೆಲಸ ಮಾಡುತ್ತದೆ ಎಂಬುದು ಮುಂದೆ ನಡೆದ ಅಧ್ಯಯನದಲ್ಲೂ ಸಾಬೀತಾಯಿತು. ಅಲ್ಲಿ ಹಿರಿಯರು ಆರೈಕೆ ಪಡೆಯುವವರಷ್ಟೇ ಅಲ್ಲ, ಕೊಡುವವರು. ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಯರಾಗಿ, ಸೋಬಾನೆ ಹಾಡುವವರಾಗಿ, ಜಗಳ ಬಿಡಿಸುವವರಾಗಿ ಬದುಕಿದ ಎಷ್ಟು ಅಜ್ಜಿಯರಿಲ್ಲ? ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಾರಕ್ಕೆರಡು ಮಧ್ಯಾಹ್ನ ಜಾಗ, ತರಬೇತಿ, ಗೌರವಧನ, ಸಂಶಯ ಬಂದಾಗ ಫೋನ್ ಎತ್ತುವ ಒಬ್ಬ ವೈದ್ಯರು. ಬೇಕಾದದ್ದು ಇಷ್ಟೇ. ಈಗಾಗಲೇ ಹೊರೆ ಹೊತ್ತು ಬಸವಳಿದ ಆಶಾ ಕಾರ್ಯಕರ್ತೆಯ ತಲೆಗೆ ಇನ್ನೊಂದು ರಿಜಿಸ್ಟರು ಹೇರುವುದರಿಂದ ಈ ಕೆಲಸ ಆಗದು. ಹೋಬಳಿಗೊಬ್ಬರಂತೆ ಹಿರಿಯರ ಮನಸ್ಸಿಗೆಂದೇ ಸಂಬಳದ ಕಾರ್ಯಕರ್ತೆ ಬೇಕು. ಹಿರಿಯೂರಿಗೆ ನಾಲ್ಕು ಹುದ್ದೆ.

ಆ ಹುದ್ದೆಗಳು ಬರುವವರೆಗೆ ಇರುವುದನ್ನು ಬಳಸಿಕೊಳ್ಳೋಣ. ಟೆಲಿ ಮನಸ್ ಸಹಾಯವಾಣಿ 14416, ದಿನದ ಎಲ್ಲ ಹೊತ್ತೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಿರಿಯರ ಪಿಂಚಣಿ, ದೌರ್ಜನ್ಯ, ಆಸರೆಯ ವಿಚಾರಗಳಿಗೆ 14567 ಇದೆ. ಅಜ್ಜನ ಕೈಯಲ್ಲಿ ಫೋನ್ ಇಲ್ಲದಿದ್ದರೆ ಅವರ ಪರವಾಗಿ ಮಗಳೋ ಮೊಮ್ಮಗನೋ ಬೆಂಗಳೂರಿನಿಂದಲೇ ಕರೆ ಮಾಡಿ ವಿವರ ಹೇಳಬಹುದು. ಕರೆ ಮಾಡುವ ಮುನ್ನ ಅಜ್ಜನ ಊಟ, ನಿದ್ದೆ, ನುಂಗುತ್ತಿರುವ ಮಾತ್ರೆಗಳು, ಬದಲಾವಣೆ ಕಂಡದ್ದು ಯಾವಾಗಿನಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಾಲ್ಲೂಕು ಆಸ್ಪತ್ರೆಗೆ ಹೋಗುವಾಗಲೂ ಅದೇ ಚೀಟಿ ಜೊತೆಯಲ್ಲಿರಲಿ.